ಎತ್ತಿಗೆ ಲಾಳ, ಸೈಕಲ್ಲಿಗೆ ಮೊಳೆ

ಗುಂಪು: ನಮ್ಮ ಮನೆಯೋರು
ನವೆಂಬರ್, ಭಾನುವಾರ ಬೆಳಿಗ್ಗೆ

ಚಿಕ್ಕಪ್ಪ: [ಫಾರ್ವರ್ಡ್ ಆದ ವಿಡಿಯೊ]
ಪುಟ್ಟಿ, ಇದನ್ನ ನೋಡು. ಸೈಕಲ್ ಟೈರ್ ಸುತ್ತ ಪ್ಲಾಸ್ಟಿಕ್ ಜಿಪ್ ಟೈ ಬಿಗಿದುಬಿಟ್ರೆ ಹಿಮದಲ್ಲಿ ಜಾರೋದೇ ಇಲ್ವಂತೆ. ನೂರು ರೂಪಾಯಲ್ಲಿ ಮುಗಿಯುತ್ತೆ. ನಿಮ್ಮ ಫಿನ್‌ಲ್ಯಾಂಡಿನ ಔಲುನಲ್ಲಿ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತಲ್ವಾ?

ಚಿಕ್ಕಮ್ಮ: ನೆನ್ನೆ ಫೋನಲ್ಲಿ ಹೇಳಿದ್ಲು, ಹಿಮ ಶುರುವಾಗಿದೆ, ಆದ್ರೂ ಲ್ಯಾಬಿಗೆ ಸೈಕಲ್ಲಲ್ಲೇ ಹೋಗ್ತಿದೀನಿ ಅಂತ. ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ.

ಅಕ್ಕ: ಬಸ್ಸಲ್ಲಿ ಹೋಗೋಕೆ ಏನು ಕಷ್ಟ ಅವಳಿಗೆ? ಪಾಸ್ ತಗೊಳ್ಳಲಿ.

ನಾನು: ಚಿಕ್ಕಪ್ಪ, ಜಿಪ್ ಟೈ ದಯವಿಟ್ಟು ಬೇಡ. ಅದನ್ನ ರಿಮ್ಮಿಗೂ ಸೇರಿಸಿ ಸುತ್ತಬೇಕು. ಡಿಸ್ಕ್ ಬ್ರೇಕ್ ಇರೋ ಸೈಕಲ್ ಆದ್ರೆ ಒಂದೆರಡು ದಿನ ನಡೆಯುತ್ತೆ. ಪುಟ್ಟಿ ಸೈಕಲ್ಲಿಗೆ ಮುಂದೆ ಇರೋದು ರಿಮ್ ಬ್ರೇಕ್. ಹಿಡಿದ ತಕ್ಷಣ ಬ್ರೇಕ್ ರಬ್ಬರ್ ಒಂದೊಂದು ಟೈಗೂ ಬಡಿದು ಕಿತ್ತು ಹಾಕುತ್ತೆ. ಮಡ್‌ಗಾರ್ಡಿಗೂ ತಾಗುತ್ತೆ.

ಚಿಕ್ಕಪ್ಪ: ವಿಡಿಯೊದಲ್ಲಿ ಓಡಿಸಿ ತೋರಿಸಿದಾನಲ್ಲಪ್ಪ. ಅದೇನು ಸುಳ್ಳಾ?

ನಾನು: ಸುಳ್ಳಲ್ಲ. ಅವನು ಓಡಿಸ್ತಿರೋದು ಹೊಸದಾಗಿ ಬಿದ್ದ ಮೆತ್ತನೆ ಹಿಮದ ಮೇಲೆ. ಪುಟ್ಟಿಯನ್ನ ಬೀಳಿಸೋದು ಹಿಮ ಅಲ್ಲ, ಮಂಜುಗಡ್ಡೆ. ಪ್ಲಾಸ್ಟಿಕ್ ಮಂಜುಗಡ್ಡೆಯನ್ನ ಕಚ್ಚಲ್ಲ. ಅದಕ್ಕೆ ಮೊಳೆ ಕೂರಿಸಿದ ಟೈರೇ ಬೇಕು, ಪುಟ್ಟಿ ಅದನ್ನೇ ಹಾಕಿಸ್ಲಿ.

ದೊಡ್ಡಪ್ಪ: ಎರಡೂ ಒಂದೇ ಅಲ್ವೇನಪ್ಪ?

ನಾನು: ದೊಡ್ಡಪ್ಪ, ನಮ್ಮೂರ ರಸ್ತೆ ಮೇಲೆ ಹುರುಳಿ ಹರಡ್ತಾರಲ್ಲ, ಗಾಡಿಗಳು ತುಳಿದು ಒಕ್ಕಣೆ ಆಗ್ಲಿ ಅಂತ. ಬರೀ ಸೊಪ್ಪಿನ ಮೇಲೆ ಹೋದ್ರೆ ಸೈಕಲ್ ಭಾರ ಎಳೆಯುತ್ತೆ, ನಿಧಾನ ಆಗುತ್ತೆ, ಅಷ್ಟೇ. ಆದ್ರೆ ಅಡಿಯಲ್ಲಿ ಉದುರಿದ ಕಾಳಿನ ಮೇಲೆ ಬ್ರೇಕ್ ಹಿಡಿದೋರು ಏನಾದ್ರು ಅಂತ ನೀವು ನೋಡಿದೀರಿ. ಹಿಮ ಆ ಸೊಪ್ಪು, ಮಂಜುಗಡ್ಡೆ ಆ ಕಾಳು. ಮೇಲಿಂದ ನೋಡಿದ್ರೆ ಕಾಣೋದೇ ಇಲ್ಲ.

ದೊಡ್ಡಪ್ಪ: ಅಯ್ಯೋ ಗೊತ್ತು ಕಣಪ್ಪ. ಹೋದ್ ವರ್ಸ ನಮ್ಮ ಪಕ್ಕದ ಮನೆ ಹುಡುಗ ಅಂಗೇ ಬಿದ್ದು ಮಂಡಿ ಚಿಪ್ಪು ಹೋಯ್ತು.

ಪುಟ್ಟಿ: ಎಲ್ಲರಿಗೂ ನಮಸ್ಕಾರ, ಈಗ ಎದ್ದೆ. ಇಷ್ಟು ಮೆಸೇಜಾ! ಅಮ್ಮ, ಗಾಬರಿ ಆಗ್ಬೇಡ. ಇಲ್ಲಿ ಸಣ್ಣ ಮಕ್ಕಳೂ ಚಳಿಗಾಲ ಪೂರ್ತಿ ಸೈಕಲ್ಲಲ್ಲೇ ಸ್ಕೂಲಿಗೆ ಹೋಗ್ತಾರೆ. ಚಳಿಗಾಲದ ಸೈಕಲ್ ಸವಾರಿ ಬಗ್ಗೆ ಅಂತಾನೇ ನಡೆಯೋ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಮೊದಲು ಆಗಿದ್ದೇ ಈ ಊರಲ್ಲಿ. ನನ್ನ ಲ್ಯಾಬಿನೋರು ಎಷ್ಟೋ ಜನ ಮಾಮೂಲಿ ಟೈರಲ್ಲೇ ಓಡಾಡ್ತಾರೆ. ಅಣ್ಣ, ಅವರಿಗೆ ಬೇಡದ ಮೊಳೆ ಟೈರ್ ನನಗ್ಯಾಕೆ? ಒಂದೊಂದಕ್ಕೂ 50 ಯೂರೊ ಮೇಲಿದೆ.

ಅಕ್ಕ: ಎರಡು ಟೈರಿಗೆ ಹತ್ತು ಸಾವಿರ ರೂಪಾಯಿ ಹತ್ತಿರ! ಆ ದುಡ್ಡಿಗೆ ಇಲ್ಲಿ ಹೊಸ ಸೈಕಲ್ ಬರುತ್ತೆ.

ನಾನು: ಪುಟ್ಟಿ, ನಿನ್ನ ಲ್ಯಾಬಿನೋರು ಹೇಳಿದ್ದರಲ್ಲಿ ಅರ್ಧ ನಿಜ. ಜನವರೀಲಿ ಮೈನಸ್ 15 ಇದ್ದಾಗ ಹಿಮ ತುಳಿದು ತುಳಿದು ಗಟ್ಟಿ ನೆಲ ಆಗಿರುತ್ತೆ. ನಗರಸಭೆಯವರು ಅದನ್ನ ಹೆರೆದು ಸಣ್ಣ ಜಲ್ಲಿ ಉದುರಿಸಿರ್ತಾರೆ. ಅಷ್ಟು ಚಳೀಲಿ ಮಂಜುಗಡ್ಡೆ ಕೂಡ ಒಣಗಿರುತ್ತೆ, ರಬ್ಬರ್ ಹಿಡಿಯುತ್ತೆ. ಜನವರಿ ಬಗ್ಗೆ ನನಗೆ ಹೆದರಿಕೆ ಇಲ್ಲ, ಹೆದರಿಕೆ ಈ ನವೆಂಬರ್ ಬಗ್ಗೆ, ಆಮೇಲೆ ಮಾರ್ಚ್ ಬಗ್ಗೆ. ಸೊನ್ನೆ ಡಿಗ್ರಿ ಆಸುಪಾಸು. ಮಧ್ಯಾಹ್ನ ಕರಗಿದ್ದು ರಾತ್ರಿ ಹೆಪ್ಪುಗಟ್ಟುತ್ತೆ, ಅದರ ಮೇಲೆ ನೀರಿನ ತೆಳು ಪದರ ಕೂತಿರುತ್ತೆ. ಅದಕ್ಕಿಂತ ಜಾರೋ ನೆಲ ಇನ್ನೊಂದಿಲ್ಲ. ಅಲ್ಲಿ ಹುಟ್ಟಿ ಬೆಳೆದೋರಿಗೆ ಐದನೇ ವಯಸ್ಸಿಂದ ಮೈಗೆ ಅಭ್ಯಾಸ ಆಗಿದೆ. ನೀನು ಹೋಗಿ ಎರಡೂವರೆ ತಿಂಗಳು.

ದೊಡ್ಡಪ್ಪ: ಮೊಳೆ ಟೈರ್ ಅಂದ್ರೆ ಎಂಗಿರ್ತದೆ? ಮೊಳೆ ಚುಚ್ಚಿದ್ರೆ ಪಂಕ್ಚರ್ ಆಗಾಕಿಲ್ವಾ?

ನಾನು: ಮೊಳೆ ಒಳಗಡೆಗೆ ಬರಲ್ಲ ದೊಡ್ಡಪ್ಪ. ದಪ್ಪ ರಬ್ಬರ್ ಗುಬ್ಬಿಗಳಲ್ಲಿ ಅಕ್ಕಿ ಕಾಳಿನ ತುದಿಯಷ್ಟು ಹೊರಗೆ ಕಾಣೋ ಹಾಗೆ ಕೂರಿಸಿರ್ತಾರೆ.

ದೊಡ್ಡಪ್ಪ: ಅಂದ್ರೆ ಎತ್ತಿಗೆ ಲಾಳ ಕಟ್ಟಿದಂಗೆ ಅನ್ನು. ಅಷ್ಟೇ ಆದ್ರೆ ದುಡ್ಡು ಯಾಕೆ ಸುರೀಬೇಕು? ಇಲ್ಲಿ ಸೈಕಲ್ ಶಾಪ್‌ನೋನ ಹತ್ರ 28 ಇಂಚಿನ ಟೈರ್ ತಕ್ಕಂಡು, ಒಳಗಿಂದ ಸ್ಕ್ರೂ ಹೊಡೆಸಿ ಪಾರ್ಸಲ್ ಕಳಿಸ್ತೀನಿ. ಏನಂತೀಯವ್ವ ಪುಟ್ಟಿ?

ಚಿಕ್ಕಪ್ಪ: ಇದು ಒಳ್ಳೆ ಯೋಚನೆ ಅಣ್ಣ. ಅವಳದ್ದೂ 28 ಇಂಚೇ.

ನಾನು: ಇಲ್ಲೇ ಎಲ್ಲರೂ ಮೋಸ ಹೋಗೋದು. ಪುಟ್ಟಿ, ಟೈರ್ ಪಕ್ಕದಲ್ಲಿ ಉಬ್ಬಿದ ಅಕ್ಷರದಲ್ಲಿ ಅಳತೆ ಇರುತ್ತೆ. ಒರೆಸಿ ಫೋಟೊ ಹಾಕು.

ಪುಟ್ಟಿ: [ಚಿತ್ರ]
ಕೆಸರು ಕೂತಿತ್ತು, ಕೈಗವಸಿನಲ್ಲೇ ಉಜ್ಜಿದೆ. 37-622, ಅದರ ಪಕ್ಕ 28 ಅಂತಾನೂ ಇದೆ.

ನಾನು: ಸರಿ. 37 ಅಂದ್ರೆ ಟೈರಿನ ಅಗಲ, 622 ಅಂದ್ರೆ ರಿಮ್ ಮೇಲೆ ಟೈರ್ ಕೂರೋ ಜಾಗದ ವ್ಯಾಸ, ಎರಡೂ ಮಿಲಿಮೀಟರಲ್ಲಿ. ದೊಡ್ಡಪ್ಪ, ನಿಮ್ಮ ಹಳೇ ಸೈಕಲ್ ಟೈರಿಗೆ 28 ಇಂಟು ಒಂದೂವರೆ ಅಂತ ಇರುತ್ತಲ್ಲ, ಅದು 635. ಎರಡಕ್ಕೂ 28 ಅಂತಾನೇ ಕರೀತಾರೆ, ಆದ್ರೆ 13 ಮಿಲಿಮೀಟರ್ ವ್ಯತ್ಯಾಸ. ಅವಳ ರಿಮ್ಮಿಗೆ ನಿಮ್ಮ ಟೈರ್ ನಿಲ್ಲೋದೇ ಇಲ್ಲ.

ದೊಡ್ಡಪ್ಪ: ಓಹೋ.

ನಾನು: ಸ್ಕ್ರೂ ವಿಷಯಾನೂ ಹೇಳ್ಬಿಡ್ತೀನಿ. ಸ್ಕ್ರೂ ತಲೆ ಒಳಗೆ ಟ್ಯೂಬಿಗೆ ಉಜ್ಜಿ ಉಜ್ಜಿ ತೂತು ಮಾಡುತ್ತೆ. ಎತ್ತಿನ ಲಾಳ ಟಾರ್ ರಸ್ತೇಲಿ ಎಷ್ಟು ಬೇಗ ಸವೆಯುತ್ತೆ ಅಂತ ನಿಮಗೆ ಗೊತ್ತಲ್ಲ?

ದೊಡ್ಡಪ್ಪ: ಆಲೆಮನೆಗೆ ಕಬ್ಬು ಹೊಡೆಯೋ ಎತ್ತಿಗೆ ಎಷ್ಟು ಸಲ ಕಟ್ಟಿಸಿದ್ರೂ ಸಾಲ್ದು.

ನಾನು: ಬರೀ ಕಬ್ಬಿಣದ ಮೊಳೆಗೂ ಅದೇ ಗತಿ. ಹಿಮ ಇಲ್ಲದ ಟಾರ್ ಸಿಕ್ಕಿದ ಕಡೆಯೆಲ್ಲ ಸವೆದು ತಲೆ ಚಪ್ಪಟೆ ಆಗುತ್ತೆ. ಒಳ್ಳೆ ಟೈರಲ್ಲಿ ಮೊಳೆ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಇರುತ್ತೆ, ಉಕ್ಕಿಗಿಂತ ಎಷ್ಟೋ ಗಟ್ಟಿ. ಹಲವು ಚಳಿಗಾಲ ಬಾಳುತ್ತೆ. ಪುಟ್ಟಿ, ಅಂಗಡೀಲಿ ‘ನಸ್ತರೆಂಗಸ್’ ಅಂತ ಕೇಳು, ಮೊಳೆ ಟೈರಿಗೆ ಫಿನ್ನಿಶ್ ಭಾಷೇಲಿ ಹಾಗಂತಾರೆ, ಕಾರ್ಬೈಡ್ ಹೌದೋ ಅಲ್ಲವೋ ಅಂತ ಖಚಿತ ಮಾಡ್ಕೊ. ಅಗ್ಗದ್ದು ಅಂತ ಬರೀ ಕಬ್ಬಿಣದ್ದು ತಗೊಂಡ್ರೆ ಮುಂದಿನ ವರ್ಷ ಮತ್ತೆ ತಗೋಬೇಕು.

ಅಕ್ಕ: ನೀನು ಅವಳನ್ನ ಬರೀ ಹೆದರಿಸ್ತಿದೀಯ. ನೀನೂ ಮೂರು ಚಳಿಗಾಲ ಅದೇ ಊರಲ್ಲಿ ಇದ್ದೆ. ಸೈಕಲ್ಲಲ್ಲೇ ಓಡಾಡ್ದೆ. ನಿನಗೇನಾಯ್ತು?

[ಹತ್ತು ನಿಮಿಷ ಯಾರೂ ಏನೂ ಬರೆದಿಲ್ಲ]

ನಾನು: ಎಡಗೈ ಮಣಿಕಟ್ಟು ಮುರೀತು ಅಕ್ಕ. ಮೊದಲನೇ ವರ್ಷ, ಇದೇ ನವೆಂಬರ್ ತಿಂಗಳು. ಒಂದು ಸಣ್ಣ ಸೇತುವೆ ಇಳೀತಿದ್ದೆ. ಅಡಿಯಿಂದಲೂ ಗಾಳಿ ಬೀಸೋದ್ರಿಂದ ಸೇತುವೆ ಮೇಲೆ ಮೊದಲು ಹೆಪ್ಪುಗಟ್ಟುತ್ತೆ, ಅದು ನನಗೆ ಗೊತ್ತಿರಲಿಲ್ಲ. ನೆಲ ಮಳೆ ನಿಂತ ಮೇಲಿನ ನಮ್ಮ ಟಾರ್ ರಸ್ತೆ ಥರ ಕಪ್ಪಗೆ ಹೊಳೀತಿತ್ತು. ಎದುರಿಗೆ ಒಬ್ಬರು ನಾಯಿ ಹಿಡ್ಕೊಂಡು ಬರ್ತಿದ್ರು. ದಾರಿ ಬಿಡೋಣ ಅಂತ ಮುಂದಿನ ಬ್ರೇಕ್ ಒಂದು ಚೂರು ಒತ್ತಿದೆ. ಬೀಳ್ತಿದೀನಿ ಅಂತ ತಿಳಿಯೋ ಹೊತ್ತಿಗೆ ನೆಲದ ಮೇಲಿದ್ದೆ. ಆರು ವಾರ ಪ್ಲಾಸ್ಟರ್. ಮನೇಲಿ ಯಾರಿಗೂ ಹೇಳಲಿಲ್ಲ.

ಅತ್ತೆ: ಆಗ ವಿಡಿಯೊ ಕಾಲಲ್ಲಿ ಯಾವಾಗಲೂ ಶಾಲು ಹೊದ್ದು ಕೂತಿರ್ತಿದ್ದೆ. ಚಳಿ ಅತ್ತೆ ಅಂತಿದ್ದೆ. ಅದಕ್ಕೇನಾ?

ನಾನು: ಅದಕ್ಕೇ ಅತ್ತೆ.

ಚಿಕ್ಕಮ್ಮ: ಒಬ್ಬನೇ ಹೇಗೆ ಅಡುಗೆ ಮಾಡ್ಕೊಂಡೆಯೋ. ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ.

ಅಕ್ಕ: ನನಗೂ ಹೇಳಲಿಲ್ಲವಲ್ಲ ನೀನು. ಇರಲಿ, ಫೋನ್ ಮಾಡ್ತೀನಿ ಸಂಜೆ. ಹಾಗಾದ್ರೆ ಮುಂದಿನ ಚಕ್ರಕ್ಕೆ ಒಂದು ಟೈರ್ ಹಾಕಿಸಿದ್ರೆ ಸಾಕಲ್ವಾ?

ನಾನು: ಒಂದೇ ಅನ್ನೋ ಪರಿಸ್ಥಿತಿ ಬಂದ್ರೆ ಮುಂದಿನದಕ್ಕೇ ಹಾಕಬೇಕು. ಹಿಂದಿನ ಚಕ್ರ ಜಾರಿದ್ರೆ ಎಷ್ಟೋ ಸಲ ಸಂಭಾಳಿಸಬಹುದು, ಮುಂದಿನದು ಜಾರಿದ್ರೆ ಬಿದ್ದ ಹಾಗೇನೆ. ಆದ್ರೆ ಪುಟ್ಟಿ ಸೈಕಲ್ಲಿಗೆ ಹಿಂದೆ ಇರೋದು ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಬ್ರೇಕ್. ಮಂಜುಗಡ್ಡೆ ಮೇಲೆ ಅವಳು ನಂಬಬೇಕಾದ್ದು ಅದನ್ನೇ. ಹಿಂದಿನ ಟೈರ್ ನೆಲ ಹಿಡೀದಿದ್ರೆ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಅವಳಿಗೆ ಎರಡೂ ಬೇಕು.

ಪುಟ್ಟಿ: ಅಣ್ಣ, ಅಂಗಡಿ ಪಟ್ಟಿ ನೋಡ್ದೆ. 106 ಮೊಳೆದೂ ಇದೆ, 240 ಮೊಳೆದೂ ಇದೆ. ಬೆಲೇಲಿ ವ್ಯತ್ಯಾಸ ಇದೆ. 106 ಸಾಕಾ?

ನಾನು: ನಿನ್ನ ದಾರಿ ಹೇಗಿದೆ ಹೇಳು. ಬರೀ ಹೆರೆದ ಸೈಕಲ್ ದಾರಿನಾ?

ಪುಟ್ಟಿ: ಒಟ್ಟು ಆರು ಕಿಲೋಮೀಟರ್. ಕೊನೇದು ಒಂದೂವರೆ ಕಿಲೋಮೀಟರ್ ಮರಗಳ ಮಧ್ಯೆ. ಅಲ್ಲಿ ಬೇಗ ಹೆರೆಯಲ್ಲ. ನಿನ್ನೆ ಬೇರೆ ಸೈಕಲ್‌ಗಳು ಹೋದ ಗುರುತು ಹಾಗೇ ಗಟ್ಟಿಯಾಗಿ ಕಾಲುವೆ ಥರ ಆಗಿತ್ತು.

ನಾನು: ಹಾಗಿದ್ರೆ 240. ಎರಡು ಸಾಲು ಮೊಳೆ ಇರೋದು ಸಮ ನೆಲದಲ್ಲಿ ನೆಟ್ಟಗೆ ಹೋಗೋಕೆ ಸಾಕು. ಹೆಪ್ಪುಗಟ್ಟಿದ ಜಾಡಿಂದ ಆಚೆ ಹತ್ತಬೇಕಾದ್ರೆ ಟೈರಿನ ಪಕ್ಕ ಗೋಡೆಗೆ ಒರಗುತ್ತೆ. ಅಲ್ಲಿ ಮೊಳೆ ಇಲ್ಲದಿದ್ರೆ ಜಾಡೇ ನಿನ್ನನ್ನ ಎಳ್ಕೊಂಡು ಹೋಗುತ್ತೆ. ನಾಲ್ಕು ಸಾಲಿಂದು ಅದಕ್ಕೇ ಇರೋದು. ಒಂದು ಟೈರೇ ಒಂದು ಕೆಜಿ ಹತ್ತಿರ ತೂಗುತ್ತೆ, ಮೊದಲ ವಾರ ಕಾಲು ನೋಯುತ್ತೆ. ಟಾರ್ ಮೇಲೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸದ್ದು ಮಾಡುತ್ತೆ. 37ಕ್ಕಿಂತ ಅಗಲದ್ದು ತಗೊಳ್ಳೋದಾದ್ರೆ ಮಡ್‌ಗಾರ್ಡ್ ಒಳಗೆ ಬೆರಳು ಆಡೋ ಜಾಗ ಉಳಿಯುತ್ತಾ ನೋಡ್ಕೊ, ಇಲ್ಲದಿದ್ರೆ ಹಿಮ ತುಂಬಿ ಚಕ್ರ ಕಚ್ಕೊಳ್ಳುತ್ತೆ.

ಚಿಕ್ಕಪ್ಪ: ಗಾಳಿ ಕಮ್ಮಿ ಮಾಡಿದ್ರೆ ಹಿಡಿತ ಜಾಸ್ತಿ ಅಂತ ಓದಿದ್ದೆ. ಅದಾದ್ರೂ ಸರಿನಾ?

ನಾನು: ಅದು ಸರಿ ಚಿಕ್ಕಪ್ಪ. ಸ್ವಲ್ಪ ಇಳಿಸಿದ್ರೆ ಪಕ್ಕದ ಮೊಳೆಗಳೂ ನೆಲಕ್ಕೆ ತಾಗುತ್ತೆ. ಟೈರ್ ಮೇಲೆ ಬರೆದ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಇಳಿಸಬಾರದು. ಬೆಚ್ಚಗಿನ ರೂಮಲ್ಲಿ ಪಂಪಿನ ಮುಳ್ಳು 60 ಪಿಎಸ್‌ಐಗೆ ತಂದು ಮೈನಸ್ 10ರ ಚಳಿಗೆ ಸೈಕಲ್ ತೆಗೆದ್ರೆ, ಗಾಳಿ ಕುಗ್ಗಿ ತಾನಾಗೇ 52ರ ಹತ್ತಿರ ಬರುತ್ತೆ. ಅದಕ್ಕೇ ಹೊರಗಡೆ ನಿಲ್ಲಿಸಿ ಆಮೇಲೆ ನೋಡ್ಬೇಕು.

ಚಿಕ್ಕಪ್ಪ: ಪುಟ್ಟಿ, ಎರಡೂ ತಗೊ. ದುಡ್ಡು ಈಗಲೇ ಹಾಕ್ತೀನಿ. ಆ ವಿಡಿಯೊ ಅಳಿಸಿದೀನಿ, ಬೇರೆ ಯಾರಾದ್ರೂ ಮಾಡಿಬಿಟ್ಟಾರು.

ಅಕ್ಕ: ಟೈರ್ ಹಾಕಿಸೋವರೆಗೂ ಬಸ್ಸು. ಇದರಲ್ಲಿ ನಾನು ಬಿಡಲ್ಲ.

ನಾನು: ಅಕ್ಕ ಹೇಳಿದ್ದು ಸರಿ.

ಗುರುವಾರ ಸಂಜೆ

ಪುಟ್ಟಿ: [ಚಿತ್ರ] [ಧ್ವನಿ ಸಂದೇಶ, 14 ಸೆಕೆಂಡ್]
ಎರಡೂ ಹಾಕಿಸ್ದೆ. ಟೈರ್ ಪಕ್ಕದ ಬಾಣ ಚಕ್ರ ಉರುಳೋ ದಿಕ್ಕಿಗೇ ಇದೆ, ನೋಡಿ ಹೇಳು ಅಣ್ಣ. ಸದ್ದು ಕೇಳಿ ಎಲ್ಲರೂ.

ಅತ್ತೆ: ನಿಜವಾಗ್ಲೂ ಸಾಸಿವೆ ಸಿಡಿದ ಹಾಗೇ ಇದೆ ಕಣೆ!

ನಾನು: ಬಾಣ ಸರಿ ಇದೆ. ಮೊದಲ 40 ಕಿಲೋಮೀಟರ್ ಹಿಮ ಇಲ್ಲದ ಟಾರ್ ಮೇಲೆ ಮೆಲ್ಲಗೆ ಓಡಿಸು. ಜೋರಾಗಿ ತುಳಿಯೋದು, ಗಕ್ಕನೆ ಬ್ರೇಕ್ ಹಿಡಿಯೋದು ಬೇಡ. ಆಗ ಮೊಳೆ ರಬ್ಬರಲ್ಲಿ ಗಟ್ಟಿಯಾಗಿ ಕೂರುತ್ತೆ, ಉದುರಲ್ಲ. ಸೀಟ್ ಒಂದು ಬೆರಳು ಇಳಿಸ್ಕೊ, ಕಾಲು ನೆಲಕ್ಕೆ ಎಟುಕಲಿ. ತಿರುವಿನಲ್ಲಿ ವಾಲಬೇಡ.

ದೊಡ್ಡಪ್ಪ: ಹೊಸ ಲಾಳ ಕಟ್ಟಿದ್ ಎತ್ತನ್ನೂ ಎರಡು ದಿನ ಬರೀ ಗಾಡೀಲಿ ಓಡಿಸ್ತೀವಿ ಕಣವ್ವ, ಹೇರು ಹಾಕಾಕಿಲ್ಲ. ನಿಧಾನ.

ಚಿಕ್ಕಮ್ಮ: ಲ್ಯಾಬ್ ತಲುಪಿದ ಮೇಲೆ ದಿನಾ ಒಂದು ಮೆಸೇಜ್ ಹಾಕು. ಬಿದ್ರೂ ಹೇಳು. ಶಾಲು ಹೊದ್ದು ಕೂರಬೇಡ.

ಪುಟ್ಟಿ: ಹೇಳ್ತೀನಿ ಅಮ್ಮ. ಇವತ್ತು 6 ಆಯ್ತು, ಇನ್ನು 34 ಕಿಲೋಮೀಟರ್.