ಪಿಯುಸಿ ಮಕ್ಕಳ ಯೂತ್ ಮೀಟಿಂಗ್‌ಗೆ ಸಹಾಯ ಬೇಕು

ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಿನಲ್ಲಿ ಭಾನುವಾರ ಆರಾಧನೆ ಆದ ಮೇಲೆ ಯೂತ್ ಮೀಟಿಂಗ್ ನಡೆಸುತ್ತೇನೆ. ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗಿನಿಂದ ಫೇಲಾದ ಮಕ್ಕಳು ಬರುತ್ತಿಲ್ಲ. ಬರುವ ಒಬ್ಬ ಹುಡುಗನೂ ಹಿಂದೆ ಕೂತು ಬೈಬಲ್ ತೆರೆಯದೆ ಸುಮ್ನೆ ಅದರ ಕವರಿನ ಜಿಪ್ ಎಳೆಯುತ್ತಾ ಇರುತ್ತಾನೆ.

ಬೈಬಲಿನ ಯೆರೆಮೀಯ 29:11 (ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಎನ್ನುವ ದೇವರ ಮಾತು) ಈ ಮಕ್ಕಳಿಗೆಲ್ಲ ಬಾಯಿಪಾಠ, ವಾಟ್ಸಾಪ್ ಸ್ಟೇಟಸ್ಸೂ ಅದೇ. ಆದರೆ ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರ, ಹಿಂದಿನ ವಚನದಲ್ಲೇ 70 ವರ್ಷ ಆದ ಮೇಲೆ ವಾಪಸ್ ಕರೆತರುವ ಮಾತಿದೆ, ಅಲ್ಲಿವರೆಗೆ ಮನೆ ಕಟ್ಟಿ, ತೋಟ ಮಾಡಿ ಅಂತಲೂ ಇದೆ ಅಲ್ವಾ. ಇದನ್ನೆಲ್ಲ ಬಿಟ್ಟು ಆ ಒಂದು ವಚನ ಹೇಳಿ ಕಳಿಸೋದು ನನಗೆ ಸರಿ ಅನ್ನಿಸುತ್ತಿಲ್ಲ.

ಈ ವಾರ ಬೈಬಲಿನ 1 ಅರಸು 19ನೇ ಅಧ್ಯಾಯ ತೆಗೆದುಕೊಳ್ಳುತ್ತೇನೆ. ಸಾಕು, ಪ್ರಾಣ ತೆಗೆದುಕೋ ಅಂದ ಪ್ರವಾದಿ ಎಲೀಯನನ್ನು ದೇವರು ಬೈಯಲಿಲ್ಲ. ಮಲಗಲು ಬಿಟ್ಟು, ರೊಟ್ಟಿ ನೀರು ಕೊಟ್ಟರು, ಅದೂ ಎರಡು ಸಲ. ಈ ಭಾಗ ನನಗೆ ತುಂಬಾ ಇಷ್ಟ.

ಇದಕ್ಕೆ ಮಕ್ಕಳೇ ಬಾಯಿಬಿಟ್ಟು ಮಾತಾಡುವಂಥ ಪ್ರಶ್ನೆಗಳು ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಇನ್ನೊಂದು, ಬರದೇ ಇರುವವರ ಮನೆಗೆ ಹೋಗಲಾ, ಮೊದಲು ಫೋನ್ ಮಾಡಲಾ? ಅಪ್ಪ ಅಮ್ಮನ ಎದುರು ಅವರು ಏನೂ ಹೇಳುವುದಿಲ್ಲ. ಯೂತ್ ನಡೆಸಿ ಅನುಭವ ಇರುವವರು ಶನಿವಾರದೊಳಗೆ ತಿಳಿಸಿ, ದಯವಿಟ್ಟು.