ಸಹಾಯ ಬೇಕು: ಚಿತ್ರ ಮುಚ್ಚಿದರೆ ಮಗಳು ಪದ ಓದುವುದಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕೂವರೆ ವರ್ಷ. ಆಕಾರಗಳು ಬೇಗ ಬಂದವು. ದೋಸೆ ವೃತ್ತ, ಸಮೋಸ ತ್ರಿಕೋನ ಅಂತ ಅವಳೇ ತೋರಿಸುತ್ತಾಳೆ.

ನನ್ನ ಚಿಂತೆ ಓದಿನದ್ದು. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಮಾಡುವ ಹಾಗೆ ರ, ಗ, ಸ, ದ, ಅ ಇಂದ ಶುರು ಮಾಡಿದೆ. ತಟ್ಟೆಯಲ್ಲಿ ರವೆ ಹರಡಿ ಬೆರಳಿಂದ ತಿದ್ದಿಸಿದೆ. ಬಿಡಿ ಅಕ್ಷರ ಥಟ್ಟನೆ ಹೇಳುತ್ತಾಳೆ. ಆದರೆ 'ಸರ' ಕಾರ್ಡಿನ ಚಿತ್ರಕ್ಕೆ ಕೈ ಅಡ್ಡ ಇಟ್ಟರೆ "ಸ... ರ..." ಅಂದು ನನ್ನ ಮುಖ ನೋಡುತ್ತಾಳೆ, ಕೂಡಿಸುವುದಿಲ್ಲ. ನಿನ್ನೆ 'ಗರಗಸ' ಕಾರ್ಡನ್ನು "ಮರ ಕುಯ್ಯೋದು" ಅಂತ ಓದಿದಳು. ನೋಡುತ್ತಿರುವುದು ಚಿತ್ರವನ್ನೇ, ಅಕ್ಷರವನ್ನಲ್ಲ ಅಲ್ವಾ? ಜಾಸ್ತಿ ಒತ್ತಾಯ ಮಾಡೋಕೂ ಭಯ.

ಈಗಲೇ ಚಿತ್ರ ತೆಗೆದು ಬರೀ ಪದ ಕೊಡಬೇಕಾ? ಇಲ್ಲಾ ಇನ್ನೂ ಸ್ವಲ್ಪ ದಿನ ಬಾಯಲ್ಲೇ ಅಕ್ಷರ ಕೂಡಿಸುವ ಆಟ ಆಡಿಸಬೇಕಾ? ಅಂಗನವಾಡಿ, ಎಲ್‌ಕೆಜಿ ಟೀಚರ್‌ಗಳು ದಯವಿಟ್ಟು ಹೇಳಿ.