ಮೈಕಟ್ಟು ಮತ್ತು ಸ್ವಭಾವ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ:
ಎಲ್ಲರಿಗೂ ನಮಸ್ಕಾರ. ಮೇಲೆ ಕಳುಹಿಸಿರುವ ಪಟವನ್ನು ದಯವಿಟ್ಟು ಗಮನವಿಟ್ಟು ನೋಡಿ. ದುಂಡು ಮೈಯವರು ಎಂಡೋಮಾರ್ಫ್, ಅವರು ಸ್ನೇಹಜೀವಿಗಳು. ಗಟ್ಟಿಮುಟ್ಟಾದ ಸ್ನಾಯುಗಳಿರುವವರು ಮೆಸೋಮಾರ್ಫ್, ಅವರು ಮುಂದಾಳುಗಳು. ತೆಳ್ಳಗೆ ನೀಳವಾಗಿರುವವರು ಎಕ್ಟೋಮಾರ್ಫ್, ಅವರು ಸಂಕೋಚ ಸ್ವಭಾವದವರು. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನೋವಿಜ್ಞಾನಿ ಸಾವಿರಾರು ಜನರನ್ನು ಪರೀಕ್ಷಿಸಿ ಕಂಡುಕೊಂಡ ವಿಷಯವಿದು. ನಮ್ಮ ಆಯುರ್ವೇದದ ಕಫ, ಪಿತ್ತ, ವಾತಗಳೂ ಇದನ್ನೇ ಹೇಳುತ್ತವೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ತಂಗಿ:
ಚಿಕ್ಕಪ್ಪ, ಇದೇ ಪಟ ನನ್ನ ಮಗ ಹೋಗುವ ವ್ಯಾಯಾಮಶಾಲೆಯ ಗೋಡೆಯ ಮೇಲೂ ಇದೆ. ನೀನು ಹುಟ್ಟಿನಿಂದಲೇ ಎಕ್ಟೋಮಾರ್ಫ್, ಕಬಡ್ಡಿಗೆ ಬೇಕಾದ ಧೈರ್ಯ ನಿನ್ನ ಮೈಯಲ್ಲೇ ಇಲ್ಲ ಎಂದು ಅಲ್ಲಿನ ತರಬೇತುದಾರರು ಹೇಳಿದ ಮೇಲೆ ಅವನು ಎರಡು ವಾರಗಳಿಂದ ಆಟಕ್ಕೆ ಹೋಗಿಲ್ಲ. ಅಕ್ಕ, ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುವವಳು ನೀನು. ಇದು ನಿಜವೇ?

ನಾನು:
ಚಿಕ್ಕಪ್ಪ, ನೀವು ಬೇಸರಿಸಿಕೊಳ್ಳಬಾರದು; ಈ ವಿಷಯದಲ್ಲಿ ನಾನು ಸುಮ್ಮನಿರಲಾರೆ. ಶೆಲ್ಡನ್ 1898ರಲ್ಲಿ ರೋಡ್ ಐಲೆಂಡ್‌ನಲ್ಲಿ ಹುಟ್ಟಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಮತ್ತು ವೈದ್ಯಕೀಯ ಎರಡರಲ್ಲೂ ಪದವಿ ಪಡೆದವರು. 1940ರಲ್ಲಿ ಪ್ರಕಟವಾದ ಅವರ ಮೊದಲ ದೊಡ್ಡ ಪುಸ್ತಕಕ್ಕೆ ಆಧಾರವಾದದ್ದು ಕಾಲೇಜು ವಿದ್ಯಾರ್ಥಿಗಳ ಸುಮಾರು 4000 ಛಾಯಾಚಿತ್ರಗಳು. ಅದರಲ್ಲಿ ಅವರು ಯಾರನ್ನೂ ಒಂದೇ ಪದದಿಂದ ಕರೆಯಲಿಲ್ಲ. ದುಂಡುತನ, ಸ್ನಾಯುಬಲ, ತೆಳುತನ ಎಂಬ ಮೂರಕ್ಕೂ 1ರಿಂದ 7ರವರೆಗೆ ಅಂಕ ಕೊಟ್ಟರು. 7-1-1 ಎಂದರೆ ತೀರಾ ದುಂಡು, 1-1-7 ಎಂದರೆ ತೀರಾ ತೆಳು, 4-4-4 ಎಂದರೆ ಎಲ್ಲವೂ ಸಮ. ಹಾಗೆ ನೋಡಿದರೆ ಗೋಡೆಯ ಮೇಲಿನ ಪಟ ಶೆಲ್ಡನ್ನರಿಗೂ ನಿಷ್ಠವಾಗಿಲ್ಲ.

ನನ್ನ ತಕರಾರು ಇರುವುದು ಮೈಕಟ್ಟಿನಿಂದ ಸ್ವಭಾವಕ್ಕೆ ದಾಟಿದ ಕಡೆ. 1942ರ ಪುಸ್ತಕಕ್ಕಾಗಿ ಅವರು 200 ಯುವಕರ ಸ್ವಭಾವವನ್ನು ಅಳೆದು, ಮೈಕಟ್ಟಿಗೂ ಅದಕ್ಕೂ 0.8ರಷ್ಟು ಸಹಸಂಬಂಧವಿದೆ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ಹೊಂದಿಕೆ) ಎಂದು ಬರೆದರು. ಮನುಷ್ಯರ ಸ್ವಭಾವದ ಅಧ್ಯಯನದಲ್ಲಿ ಅಷ್ಟು ದೊಡ್ಡ ಅಂಕಿ ಬಂದರೆ ಸಂತೋಷಪಡುವ ಮೊದಲು ಅನುಮಾನಿಸಬೇಕು. ಮೈಕಟ್ಟಿಗೆ ಅಂಕ ಕೊಟ್ಟವರೂ ಅವರೇ, ಎದುರು ಕೂರಿಸಿಕೊಂಡು ಮಾತನಾಡಿಸಿ ಸ್ವಭಾವಕ್ಕೆ ಅಂಕ ಕೊಟ್ಟವರೂ ಅವರೇ! ತೆಳ್ಳಗಿನ ಹುಡುಗ ಸಂಕೋಚದವನು ಎಂದು ಮೊದಲೇ ನಂಬಿದವರಿಗೆ, ಆ ಹುಡುಗನ ಮೌನವೆಲ್ಲ ಸಂಕೋಚವಾಗಿಯೇ ಕಾಣುತ್ತದೆ.

ಚಿಕ್ಕಪ್ಪ:
ಮಗಳೇ, ಬೇಸರವೇನೂ ಇಲ್ಲ. ಆದರೆ ಒಬ್ಬನೇ ನೋಡಿದ ಮಾತ್ರಕ್ಕೆ ಅದು ಸುಳ್ಳಾಗುತ್ತದೆಯೇ? ಶೆಲ್ಡನ್ ಗ್ಲೂಕ್ (ಈತ ಬೇರೆ ಶೆಲ್ಡನ್) ಮತ್ತು ಎಲಿನಾರ್ ಗ್ಲೂಕ್ ಎಂಬ ಹಾರ್ವರ್ಡ್‌ನ ದಂಪತಿ 1950ರಲ್ಲಿ 500 ಅಪರಾಧಿ ಬಾಲಕರನ್ನೂ 500 ಇತರ ಬಾಲಕರನ್ನೂ ಹೋಲಿಸಿ, ಅಪರಾಧಿಗಳಲ್ಲಿ ಸುಮಾರು ಶೇ. 60 ಮಂದಿ ಮೆಸೋಮಾರ್ಫ್‌ಗಳು, ಇತರರಲ್ಲಿ ಸುಮಾರು ಶೇ. 31 ಮಾತ್ರ ಎಂದು ತೋರಿಸಿದ್ದಾರೆಂದು ಈಗಷ್ಟೇ ಓದಿದೆ. ಇದು ಬೇರೆಯವರ ಅಧ್ಯಯನ, ಎರಡು ಗುಂಪುಗಳ ಹೋಲಿಕೆಯೂ ಇದೆ.

ನಾನು:
ನೀವು ಎತ್ತಿರುವುದು ಈ ವಾದದ ಅತ್ಯಂತ ಗಟ್ಟಿಯಾದ ಆಧಾರವನ್ನೇ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ 500 ಬಾಲಕರು ಸುಧಾರಣಾ ಶಾಲೆಗೆ ಸೇರಿಸಲ್ಪಟ್ಟವರು. ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಗಟ್ಟಿ ಮೈಯವನನ್ನು ಕಂಡು ಪೊಲೀಸರೂ ನ್ಯಾಯಾಧೀಶರೂ ಹೆಚ್ಚು ಭಯಪಡಬಹುದು; ಬೀದಿಯ ಗುಂಪುಗಳೂ ಅವನನ್ನೇ ಮೊದಲು ಸೇರಿಸಿಕೊಳ್ಳಬಹುದು. ಆಗ ನಾವು ಅಳೆಯುತ್ತಿರುವುದು ಹುಡುಗನ ಸ್ವಭಾವವನ್ನಲ್ಲ, ಅವನ ಮೈಯನ್ನು ಲೋಕ ನೋಡುವ ಬಗೆಯನ್ನು. ತಂಗಿಯ ಮಗನಿಗೆ ಆಗಿರುವುದೂ ಇದೇ ಅಲ್ಲವೇ?

ಇನ್ನೊಂದು ಮಾತು. ಈ ಹೆಸರುಗಳನ್ನು ಶೆಲ್ಡನ್ ತೆಗೆದುಕೊಂಡದ್ದು ಭ್ರೂಣದ ಮೂರು ಪದರಗಳಿಂದ: ಜೀರ್ಣಾಂಗಗಳ ಒಳಮೈ ಮೂಡುವ ಒಳಪದರ, ಸ್ನಾಯು ಮತ್ತು ಮೂಳೆ ಮೂಡುವ ನಡುಪದರ, ಚರ್ಮ ಮತ್ತು ನರಮಂಡಲ ಮೂಡುವ ಹೊರಪದರ. ದುಂಡು ಮೈಯವರಿಗೆ ಒಳಪದರದ ಹೆಸರು ಕೊಟ್ಟರು, ಆದರೆ ಕೊಬ್ಬಿನ ಜೀವಕೋಶಗಳು ಬಹುಪಾಲು ಹುಟ್ಟುವುದು ನಡುಪದರದಿಂದ! ಹೆಸರು ವಿಜ್ಞಾನದಂತೆ ಕೇಳಿಸುತ್ತದೆ, ಬುಡ ಮಾತ್ರ ಸಡಿಲವಾಗಿದೆ.

ದೊಡ್ಡತ್ತೆ:
ತಮ್ಮಾ, ನನಗೆ ಅಂಕಿಗಳಿಗಿಂತ ಆ ಛಾಯಾಚಿತ್ರಗಳ ವಿಷಯವೇ ಮನಸ್ಸನ್ನು ಕದಡುತ್ತಿದೆ. ನಿಲುವಿನ ಪರೀಕ್ಷೆ ಎಂದು ಹೇಳಿ ಅಮೆರಿಕದ ಹೆಸರಾಂತ ಕಾಲೇಜುಗಳು ಹುಡುಗ ಹುಡುಗಿಯರನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದವು, ಅವು ಶೆಲ್ಡನ್ನರ ಅಧ್ಯಯನಕ್ಕೂ ಹೋದವು ಎಂದು ಹಿಂದೊಮ್ಮೆ ಓದಿದ್ದೆ. ಆ ಮಕ್ಕಳನ್ನು ಯಾರಾದರೂ ಕೇಳಿದ್ದರೇ?

ನಾನು:
ಅತ್ತೆ, ಈಗಿನ ಅರ್ಥದ ಒಪ್ಪಿಗೆ ಅಲ್ಲಿ ಇರಲಿಲ್ಲ. 1950ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಮನೆಯಲ್ಲಿ ವಿಷಯ ತಿಳಿಸಿದಾಗ ಗಲಾಟೆಯಾಗಿ, ಅಲ್ಲಿ ತೆಗೆದ ಹುಡುಗಿಯರ ಚಿತ್ರಗಳನ್ನು ಸುಟ್ಟುಹಾಕಿದರು. 1954ರಲ್ಲಿ ಗಂಡಸರ ಮೈಕಟ್ಟುಗಳ ಚಿತ್ರಸಂಪುಟ ಬಂತು. ಹೆಂಗಸರ ಸಂಪುಟ ಕೊನೆಗೂ ಬರಲಿಲ್ಲ. ಉಳಿದ ಚಿತ್ರಗಳಲ್ಲಿ ಬಹಳಷ್ಟು ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದ್ದವು. 1995ರಲ್ಲಿ ಪತ್ರಿಕಾ ಲೇಖನವೊಂದರಿಂದ ವಿಷಯ ಹೊರಬಿದ್ದ ಮೇಲೆ ಅನೇಕ ಕಾಲೇಜುಗಳ ಚಿತ್ರಗಳನ್ನು ಅಲ್ಲಿ ನಾಶಪಡಿಸಿದರು. ಹದಿನೆಂಟರ ಹುಡುಗಿ ಅಪರಿಚಿತರ ಕ್ಯಾಮೆರಾ ಮುಂದೆ ಹಾಗೆ ನಿಂತಾಗ ಏನು ಅನುಭವಿಸಿರಬಹುದು ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಭಾವ:
ಹಳೆಯ ನಾಣ್ಯ ಸಂಗ್ರಹಿಸುವ ನನಗೆ ಶೆಲ್ಡನ್ ಹೆಸರು ಬೇರೆ ಕಾರಣಕ್ಕೆ ಪರಿಚಿತ. ನಾಣ್ಯದ ಗುಣಮಟ್ಟವನ್ನು 1ರಿಂದ 70ರವರೆಗೆ ಅಳೆಯುವ ಮಾನ 1949ರಲ್ಲಿ ಅವರು ರೂಪಿಸಿದ್ದು. ಇಂದಿಗೂ ಲೋಕವೆಲ್ಲ ಅದನ್ನು ಬಳಸುತ್ತದೆ. ಆದರೆ ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿ ಎಂಬ ನಾಣ್ಯ ಅಧ್ಯಯನ ಸಂಸ್ಥೆಯ ಸಂಗ್ರಹದಲ್ಲಿದ್ದ ಉತ್ತಮ ನಾಣ್ಯಗಳನ್ನು ತೆಗೆದುಕೊಂಡು, ಅವುಗಳ ಜಾಗದಲ್ಲಿ ತಮ್ಮ ಕಳಪೆ ನಾಣ್ಯಗಳನ್ನು ಇಟ್ಟಿದ್ದರೆಂದು 1977ರಲ್ಲಿ ಅವರು ತೀರಿಕೊಂಡ ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಇಂಥವರ ಅಂಕಿಗಳನ್ನು ನಂಬುವುದು ಹೇಗೆ?

ಚಿಕ್ಕಪ್ಪ:
ಅಳಿಯಂದಿರೇ, ಇದನ್ನು ನಾನು ಒಪ್ಪಲಾರೆ. ನಾಣ್ಯದ ವಿಷಯದಲ್ಲಿ ತಪ್ಪು ಮಾಡಿದವರ ವಿಜ್ಞಾನವೂ ತಪ್ಪೇ ಆಗಬೇಕೆಂದಿಲ್ಲ.

ನಾನು:
ಈ ವಿಷಯದಲ್ಲಿ ನಾನು ಚಿಕ್ಕಪ್ಪನ ಪರ. ನಾಣ್ಯದ ಕಥೆಯನ್ನು ಬದಿಗಿಟ್ಟೇ ಅವರ ವಿಜ್ಞಾನವನ್ನು ತೂಗೋಣ. ಮೈಕಟ್ಟಿನ ಅಂಕಗಳು ಜೀವನವಿಡೀ ಬದಲಾಗುವುದಿಲ್ಲ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಮಿನೆಸೋಟಾದಲ್ಲಿ ಏನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ 36 ಸ್ವಯಂಸೇವಕರಿಗೆ 24 ವಾರ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಆ ಯುವಕರ ಚಿತ್ರಗಳನ್ನು ಶೆಲ್ಡನ್ನರ ಕ್ರಮದಲ್ಲೇ ಅಳೆದ ಗೇಬ್ರಿಯಲ್ ಲಾಸ್ಕರ್, ದುಂಡುತನ ಮತ್ತು ಸ್ನಾಯುಬಲದ ಅಂಕಗಳು ಇಳಿದು ತೆಳುತನದ ಅಂಕ ಏರಿದ್ದನ್ನು 1947ರಲ್ಲಿ ಪ್ರಕಟಿಸಿದರು.

ಚಿಕ್ಕಪ್ಪ:
ಬಡಕಲಾದ ಆನೆಯೂ ಆನೆಯೇ ಅಲ್ಲವೇ ಮಗಳೇ? ಮೂಳೆಯ ಅಳತೆ ಉಪವಾಸದಿಂದ ಬದಲಾಗದು.

ನಾನು:
ಮೂಳೆಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಶೆಲ್ಡನ್ ಅಂಕ ಕೊಟ್ಟದ್ದು ಚಿತ್ರದಲ್ಲಿ ಕಾಣುವ ಕೊಬ್ಬು, ಸ್ನಾಯು ಎಲ್ಲಕ್ಕೂ ಸೇರಿಸಿ. ಅವರ ಸಹಾಯಕಿಯಾಗಿದ್ದ ಬಾರ್ಬರಾ ಹೀತ್, ಅಂಕಗಳು ಬದಲಾಗವು ಎಂಬ ಮಾತನ್ನು ಒಪ್ಪಲಾಗದೆ ಅವರಿಂದ ದೂರವಾಗಿ, 1967ರಲ್ಲಿ ಲಿಂಡ್ಸೆ ಕಾರ್ಟರ್ ಜೊತೆಗೂಡಿ ಹೊಸ ಕ್ರಮವೊಂದನ್ನು ಮುಂದಿಟ್ಟರು. ಎತ್ತರ, ತೂಕ, ನಾಲ್ಕು ಕಡೆ ಚರ್ಮದ ಮಡಿಕೆಯ ದಪ್ಪ, ಮೊಣಕೈ ಮತ್ತು ಮೊಣಕಾಲಿನ ಮೂಳೆಯ ಅಗಲ, ತೋಳು ಮತ್ತು ಮೀನಖಂಡದ ಸುತ್ತಳತೆ, ಹೀಗೆ ಒಟ್ಟು ಹತ್ತು ಅಳತೆಗಳಿಂದ ಇವತ್ತಿನ ಮೈಕಟ್ಟನ್ನು ಮಾತ್ರ ಅದು ಹೇಳುತ್ತದೆ. ಕ್ರೀಡಾವಿಜ್ಞಾನದಲ್ಲಿ ಉಳಿದಿರುವುದು ಈ ಕ್ರಮ, ಇದರಲ್ಲಿ ಧೈರ್ಯಕ್ಕೆ ಅಂಕವಿಲ್ಲ. ತಂಗೀ, ಬೆಳೆಯುವ ವಯಸ್ಸಿನ ನಿನ್ನ ಮಗನ ಅಳತೆ ಮುಂದಿನ ವರ್ಷ ಬೇರೆಯೇ ಆಗಿರುತ್ತದೆ ಎಂದು ಅವನಿಗೆ ಹೇಳು; ನಾನೂ ಸಂಜೆ ಕರೆ ಮಾಡುತ್ತೇನೆ.

ಆಯುರ್ವೇದದ ಬಗ್ಗೆಯೂ ಒಂದು ಮಾತು, ಚಿಕ್ಕಪ್ಪ. ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದಲ್ಲಿ ಪ್ರಕೃತಿಗಳ, ಅಂದರೆ ಹುಟ್ಟಿನಿಂದ ಬಂದ ದೇಹಸ್ವಭಾವಗಳ ವರ್ಣನೆ ಇರುವುದು ನಿಜ. ಆದರೆ ಅಲ್ಲಿ ಹಸಿವು, ನಡಿಗೆ, ಮಾತು ಎಲ್ಲವೂ ಸೇರುತ್ತವೆ, ವಾತ, ಪಿತ್ತ, ಕಫ ಎಂಬ ದೋಷಗಳಲ್ಲಿ ಎರಡು ಬೆರೆತ ಪ್ರಕೃತಿಗಳೂ ಇವೆ. ಚಿತ್ರ ನೋಡಿ ಅಂಕ ಕೊಡುವ ಕ್ರಮವನ್ನು ಅದಕ್ಕೆ ಅಂಟಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಚಿಕ್ಕಪ್ಪ:
ವಾತಪಿತ್ತಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಯುಗಾದಿಗೆ ನೀನು ಬಂದಾಗ ಕುಳಿತು ಮಾತನಾಡೋಣ. ಪಟವನ್ನು ಇಲ್ಲಿಂದ ಅಳಿಸಿದ್ದೇನೆ. ನಿನ್ನೆ ಇದನ್ನು ನನ್ನ ನಿವೃತ್ತ ಗೆಳೆಯರ ಗುಂಪಿಗೂ ಕಳುಹಿಸಿದ್ದೆ, ಅಲ್ಲಿ ಅಳಿಸಲು ಹೋದರೆ ಆಗುತ್ತಿಲ್ಲ. ನಿನ್ನ ಸಂದೇಶಗಳನ್ನು ಅವರಿಗೆ ಕಳುಹಿಸಲೇ?